‘ಯಾರು ಹೇಳಿದ್ದು?’ – ‘ಗೋಟ್’ ಸಿನಿಮಾ ಕೇಳಿಸುವ ಪ್ರಶ್ನೆ

‘ಗೋಟ್’ ಅಂದ ಕೂಡಲೇ ಚೆನ್ನೈಯಲ್ಲಿರುವ ಓದುಗರಿಗೆ ನಟ ವಿಜಯ್ ನೆನಪಾಗಬಹುದು. ಇನ್ನು ಕೆಲವರಿಗೆ ಮರುಭೂಮಿಯಲ್ಲಿ ಆಡು ಕಾಯುತ್ತಾ ಬಸವಳಿದ ನಜೀಬನ ಕತೆ, ‘ಆಡುಜೀವಿತಂ’, ಕಣ್ಣ ಮುಂದೆ ಬರಬಹುದು. ನಾನು ಹೇಳಹೊರಟಿರುವುದು ಅವೆರಡೂ ಅಲ್ಲ. ಆಂಡ್ರೂ ನೀಲ್ ನಿರ್ದೇಶಿಸಿದ, 2016ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡ ಅಮೆರಿಕದ ಸಿನಿಮಾ ಇದು. ಬ್ರ್ಯಾಡ್ ಲ್ಯಾಂಡ್ ಎಂಬ ಲೇಖಕ ತನ್ನ ಕಾಲೇಜು ದಿನಗಳ ಬಗ್ಗೆ ಬರೆದು 2004ರಲ್ಲಿ ಪ್ರಕಟಿಸಿದ ಇದೇ ಹೆಸರಿನ ನೆನಪುಗಳ ಪುಸ್ತಕ ಇದಕ್ಕೆ ಆಧಾರ. ಅಂದರೆ ಇದು ಯಾರೋ ಕೂತು ಕಟ್ಟಿದ ಕತೆಯಲ್ಲ, ಒಬ್ಬ ಹುಡುಗ ಅನುಭವಿಸಿದ್ದು.

ಮೊದಲೇ ಹೇಳಿಬಿಡುತ್ತೇನೆ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡುವ ಸಿನಿಮಾ ಇದಲ್ಲ. ಬೈಗುಳ, ಕುಡಿತ, ಬೆತ್ತಲೆ ಮೈ, ವಾಂತಿ, ಎಲ್ಲವೂ ಇದರಲ್ಲಿವೆ. ಆದರೆ ಮಗನನ್ನೋ ತಮ್ಮನನ್ನೋ ದೂರದ ಊರಿನ ಹಾಸ್ಟೆಲಿಗೆ ಸೇರಿಸಿರುವ ನೀವು ಒಂದು ರಾತ್ರಿ ಒಬ್ಬರೇ ಕೂತು ಇದನ್ನು ನೋಡಿದರೆ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಯಾಕೆ ಅನ್ನುವುದನ್ನು ಹೇಳುವುದಕ್ಕೇ ಈ ಬರಹ.

ಸಿನಿಮಾ ಶುರುವಾಗುವುದೇ ವಿಚಿತ್ರವಾಗಿ. ಅಂಗಿ ಬಿಚ್ಚಿದ ಹುಡುಗರ ಒಂದು ಗುಂಪು ಕುಣಿಯುತ್ತಿದೆ, ಬಾಯಿ ತೆರೆದು ಕಿರುಚುತ್ತಿದೆ. ಎಲ್ಲವೂ ನಿಧಾನ ಚಲನೆಯಲ್ಲಿ. ಅವರ ಕಿರುಚಾಟ ಮಾತ್ರ ನಮಗೆ ಕೇಳಿಸುವುದಿಲ್ಲ. ಮ್ಯಾಚು ಗೆದ್ದ ಖುಷಿಯೋ, ಯಾರನ್ನೋ ಸುತ್ತುವರಿದು ಹೊಡೆಯುವ ಆವೇಶವೋ ಗೊತ್ತಾಗದು. ಖುಷಿಯ ಮುಖಕ್ಕೂ ಕ್ರೌರ್ಯದ ಮುಖಕ್ಕೂ ವ್ಯತ್ಯಾಸ ಹುಡುಕುತ್ತಾ ನಾವು ತಡಕಾಡುತ್ತೇವೆ. ಇಡೀ ಸಿನಿಮಾ ಮುಂದೆ ಮಾಡುವ ಕೆಲಸವನ್ನು ಈ ಒಂದು ದೃಶ್ಯ ಆಗಲೇ ಮಾಡಿ ಮುಗಿಸಿರುತ್ತದೆ.

ಆಮೇಲೆ ಕತೆ. 19 ವರ್ಷದ ಬ್ರ್ಯಾಡ್ (ಬೆನ್ ಶ್ನೆಟ್ಜರ್) ಒಂದು ರಾತ್ರಿ ಪಾರ್ಟಿಯಿಂದ ಒಬ್ಬನೇ ಹೊರಡುತ್ತಾನೆ. ಇಬ್ಬರು ಅಪರಿಚಿತರು ಕಾರಿನಲ್ಲಿ ಸ್ವಲ್ಪ ದೂರ ಬಿಡು ಅನ್ನುತ್ತಾರೆ. ಪಾಪ, ಒಳ್ಳೆಯ ಹುಡುಗ, ಹತ್ತಿಸಿಕೊಳ್ಳುತ್ತಾನೆ. ಅವರು ಅವನನ್ನು ಜನರಿಲ್ಲದ ಜಾಗಕ್ಕೆ ಒಯ್ದು, ಮುಖ ಗುರುತು ಸಿಗದ ಹಾಗೆ ಬಡಿದು, ಕಾರು ಕಿತ್ತುಕೊಂಡು ಹೋಗುತ್ತಾರೆ. ಗಾಯ ಮಾಯುತ್ತದೆ. ಒಂದು ಮಾತ್ರ ಮಾಯುವುದಿಲ್ಲ: ‘ನಾನು ಯಾಕೆ ತಿರುಗಿ ಹೊಡೆಯಲಿಲ್ಲ?’ ಮೈಮೇಲಿನ ಏಟಿಗಿಂತ ಈ ನಾಚಿಕೆ ಅವನನ್ನು ಹೆಚ್ಚು ತಿನ್ನುತ್ತದೆ. ಗಂಡಸಾಗಿ ಹುಟ್ಟಿ ಏಟು ತಿಂದು ಬಂದೆನಲ್ಲ ಅನ್ನುವ ನಾಚಿಕೆ.

ಅವನ ಅಣ್ಣ ಬ್ರೆಟ್ ಆಗಲೇ ಕಾಲೇಜಿನಲ್ಲಿದ್ದಾನೆ. ಚಂದದವನು, ಎಲ್ಲರಿಗೂ ಬೇಕಾದವನು. ಈ ಪಾತ್ರ ಮಾಡಿದವರು ನಿಕ್ ಜೋನಸ್. ನಮ್ಮಲ್ಲಿ ಪ್ರಿಯಾಂಕಾ ಚೋಪ್ರಾರ ಗಂಡ ಎಂದೇ ಹೆಚ್ಚು ಪರಿಚಿತರು. ಸ್ವಂತ ಅಣ್ಣತಮ್ಮಂದಿರ ಜೊತೆ ಹಾಡಿ ಹೆಸರು ಮಾಡಿದ ಗಾಯಕ, ಇಲ್ಲಿ ಅಣ್ಣತಮ್ಮಂದಿರ ಕತೆಯಲ್ಲೇ ನಟಿಸಿದ್ದಾರೆ, ಮತ್ತು ಚೆನ್ನಾಗಿ ನಟಿಸಿದ್ದಾರೆ. ಬ್ರೆಟ್ ಒಂದು ‘ಫ್ರಾಟರ್ನಿಟಿ’ಯ ಸದಸ್ಯ. ಬ್ರ್ಯಾಡ್ ಕೂಡ ಅದೇ ಕಾಲೇಜು ಸೇರಿ ಅದೇ ಬಳಗದ ಬಾಗಿಲು ತಟ್ಟುತ್ತಾನೆ.

ಫ್ರಾಟರ್ನಿಟಿ ಅಂದರೆ ಏನು ಅನ್ನುವುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಗಂಡುಹುಡುಗರ ಬಳಗಗಳಿವೆ. ಇಂಥ ಮೊದಲ ಸಂಘ ಹುಟ್ಟಿದ್ದು 1776ರಲ್ಲಿ, ಆ ದೇಶ ಸ್ವಾತಂತ್ರ್ಯ ಘೋಷಿಸಿಕೊಂಡ ವರ್ಷವೇ. ಅದು ಓದು, ಚರ್ಚೆಗೆ ಸೇರಿದ ಗುಂಪಾಗಿತ್ತು. ಆಮೇಲಿನವು ಬೇರೆ ದಾರಿ ಹಿಡಿದವು. ಎಷ್ಟೋ ಬಳಗಗಳಿಗೆ ತಮ್ಮದೇ ದೊಡ್ಡ ಮನೆ ಇರುತ್ತದೆ, ಸದಸ್ಯರು ಅಲ್ಲೇ ವಾಸ. ಒಬ್ಬರಿಗೊಬ್ಬರು ‘ಬ್ರದರ್’. ಕಾಲೇಜು ಬಿಟ್ಟ ಮೇಲೂ ಆ ನಂಟು ಉಳಿಯುತ್ತದೆ, ಕೆಲಸ ಕೊಡಿಸುತ್ತದೆ, ರಾಜಕೀಯದಲ್ಲಿ ಕೈ ಹಿಡಿಯುತ್ತದೆ. ಅಧ್ಯಕ್ಷರಾದ ಇಬ್ಬರು ಬುಷ್‌ಗಳೂ ಯೇಲ್ ವಿಶ್ವವಿದ್ಯಾಲಯದಲ್ಲಿ ಇಂಥ ಒಂದೇ ಬಳಗದ ಸದಸ್ಯರಾಗಿದ್ದವರು. ಆದ್ದರಿಂದ ಹುಡುಗರು ಮುಗಿಬೀಳುತ್ತಾರೆ. ಸೇರಬಯಸುವವನನ್ನು ‘ಪ್ಲೆಜ್’ ಅನ್ನುತ್ತಾರೆ. ಅವನನ್ನು ಕೆಲವು ವಾರ ಪರೀಕ್ಷೆಗೆ ಒಡ್ಡುತ್ತಾರೆ. ಆ ಪರೀಕ್ಷೆಯ ಹೆಸರಿನಲ್ಲಿ ನಡೆಯುವ ಹಿಂಸೆಯೇ ‘ಹೇಜಿಂಗ್’. ಅದರ ಕೊನೆಯ ಭಾಗಕ್ಕೆ ಅವರೇ ಇಟ್ಟ ಹೆಸರು ‘ಹೆಲ್ ವೀಕ್’, ನರಕದ ವಾರ.

ಸಿನಿಮಾದಲ್ಲಿ ಬಳಗದ ಹೆಸರು ಫೈ ಸಿಗ್ಮಾ ಮ್ಯೂ, ಕಾಲ್ಪನಿಕ. ಅಲ್ಲಿ ಪ್ಲೆಜ್‌ಗಳನ್ನು ಕರೆಯುವುದೇ ‘ಗೋಟ್’ ಎಂದು. ಆಡು. ನಮ್ಮ ಆಡುಮಾತಿನಲ್ಲಿ ಇದಕ್ಕೆ ಸರಿಯಾದ ಪದ ಇದ್ದೇ ಇದೆ: ‘ಬಕ್ರಾ’. ಯಾರನ್ನಾದರೂ ಸಿಕ್ಕಿಸಿ ನಗುವುದಕ್ಕೆ ‘ಬಕ್ರಾ ಮಾಡೋದು’ ಅನ್ನುತ್ತೇವಲ್ಲ, ಅದೇ. ಆದರೆ ನಾವು ಆ ಮಾತನ್ನು ನಗುತ್ತಾ ಆಡುವಾಗ ಬಕ್ರಾ ಕೊನೆಗೆ ಏನಾಗುತ್ತದೆ ಅನ್ನುವುದನ್ನು ನೆನೆಸಿಕೊಳ್ಳುವುದಿಲ್ಲ.

ನರಕದ ವಾರದಲ್ಲಿ ಕಣ್ಣಿಗೆ ಬಟ್ಟೆ ಕಟ್ಟುತ್ತಾರೆ, ಕೆಸರಿನಲ್ಲಿ ಹೊರಳಿಸುತ್ತಾರೆ, ಕೆನ್ನೆಗೆ ಬಾರಿಸುತ್ತಾರೆ, ಹೊಟ್ಟೆ ತಿರುಗಿ ಬರುವ ತನಕ ಕುಡಿಸುತ್ತಾರೆ. ನಿಜವಾದ ಒಂದು ಆಡನ್ನೂ ತಂದು ನಿಲ್ಲಿಸುತ್ತಾರೆ. ಅದನ್ನು ಮುಂದಿಟ್ಟುಕೊಂಡು ಹುಡುಗರಿಗೆ ಹಾಕುವ ಬೆದರಿಕೆಯನ್ನು ನಾನಿಲ್ಲಿ ಬರೆಯಲಾರೆ. ಆಂಡ್ರೂ ನೀಲ್ ಮೊದಲು ಸಾಕ್ಷ್ಯಚಿತ್ರ ಮಾಡಿದವರು, ಆ ಕಣ್ಣು ಇಲ್ಲಿ ಕೆಲಸ ಮಾಡಿದೆ. ಕ್ಯಾಮೆರಾ ಮುಖಗಳಿಗೆ ತೀರಾ ಹತ್ತಿರ ನಿಲ್ಲುತ್ತದೆ. ‘ಈಗ ಅಳಿ’ ಎಂದು ನಮಗೆ ಹೇಳಿಕೊಡುವುದಿಲ್ಲ. ಒಂದು ಹಂತದಲ್ಲಿ ನಾವು ಎಲ್ಲಿ ನಿಂತು ನೋಡುತ್ತಿದ್ದೇವೆ ಅನ್ನುವುದೇ ಮುಜುಗರ ತರಿಸುತ್ತದೆ: ಏಟು ತಿನ್ನುವವರ ಸಾಲಿನಲ್ಲೋ, ಸುತ್ತ ನಿಂತು ಕೇಕೆ ಹಾಕುವವರ ಸಾಲಿನಲ್ಲೋ?

ನಿರ್ದೇಶಕರು ಎರಡು ಹಿಂಸೆಗಳನ್ನು ಅಕ್ಕಪಕ್ಕ ಇಟ್ಟಿದ್ದಾರೆ. ಆ ರಾತ್ರಿ ಕಾರು ಹತ್ತಿದ ಅಪರಿಚಿತರು ಮಾಡಿದ್ದು ಒಂದು. ಅದಕ್ಕೆ ಪೊಲೀಸರು ಬರುತ್ತಾರೆ, ಕೇಸಾಗುತ್ತದೆ, ಊರು ಅಯ್ಯೋ ಅನ್ನುತ್ತದೆ. ‘ಬ್ರದರ್’ಗಳು ಮಾಡಿದ್ದು ಇನ್ನೊಂದು. ಅದಕ್ಕೆ ಸಂಪ್ರದಾಯ ಎಂದು ಹೆಸರು. ಅದೇ ಹುಡುಗ, ಅದೇ ಮುಖ, ಏಟೂ ಹೆಚ್ಚುಕಡಿಮೆ ಅದೇ. ಹೊಡೆದವನು ನಿಮ್ಮನ್ನು ತಮ್ಮ ಎಂದು ಕರೆದರೆ ಏಟಿನ ಹೆಸರು ಬದಲಾಗಿಬಿಡುತ್ತದೆಯೇ? ಸಿನಿಮಾ ಇದನ್ನು ಬಾಯಿಬಿಟ್ಟು ಕೇಳುವುದಿಲ್ಲ, ಆದರೆ ಕೇಳಿಸದೆ ಇರುವುದಿಲ್ಲ.

ನೋಡುವವರಿಗೆಲ್ಲ ಬರುವ ಸಂಶಯ ಒಂದಿದೆ. ಇವನು ಎದ್ದು ಹೋಗಬಹುದಲ್ಲ? ಯಾರೂ ಬೀಗ ಹಾಕಿ ಕೂರಿಸಿಲ್ಲ. ನಮ್ಮ ಕಡೆಯ ರ‍್ಯಾಗಿಂಗಿಗೂ ಹೇಜಿಂಗಿಗೂ ಇರುವ ದೊಡ್ಡ ವ್ಯತ್ಯಾಸವೂ ಇದೇ. ನಮ್ಮಲ್ಲಿ ಹಾಸ್ಟೆಲಿಗೆ ಕಾಲಿಟ್ಟ ಹುಡುಗನನ್ನು ಕೇಳುವವರಿಲ್ಲ, ಅವನು ಸಿಕ್ಕಿಬೀಳುತ್ತಾನೆ. ಅಲ್ಲಿ ಹುಡುಗ ತಾನೇ ಅರ್ಜಿ ಹಾಕಿಕೊಂಡು, ಕೈಯಿಂದ ದುಡ್ಡು ಕಟ್ಟಿ, ಸರದಿಯಲ್ಲಿ ನಿಂತು ಏಟು ತಿನ್ನಲು ಹೋಗುತ್ತಾನೆ. ‘ಅವನೇ ಒಪ್ಪಿಕೊಂಡಿದ್ದ’ ಅನ್ನುವ ಸಮಜಾಯಿಷಿ ಹುಟ್ಟುವುದೂ ಇಲ್ಲೇ. ಅಮೆರಿಕದ ಹಲವು ರಾಜ್ಯಗಳ ಕಾನೂನು ಈ ಸಮಜಾಯಿಷಿಯನ್ನು ಒಪ್ಪುವುದಿಲ್ಲ. ಹುಡುಗ ಒಪ್ಪಿದ್ದ ಎಂದ ಮಾತ್ರಕ್ಕೆ ಹಿಂಸೆ ಮಾಡಿದವನು ಪಾರಾಗುವಂತಿಲ್ಲ ಅನ್ನುತ್ತದೆ.

ಕಾನೂನು ಹಾಗೆ ಯಾಕೆ ಹೇಳಬೇಕಾಯಿತು ಅನ್ನುವುದು ಬ್ರ್ಯಾಡ್‌ನನ್ನು ನೋಡಿದರೆ ಅರ್ಥವಾಗುತ್ತದೆ. ಅವನು ಒಪ್ಪಿದ್ದು ನಿಜ. ಆದರೆ ಒಪ್ಪಿದವನು ಯಾರು? ಆ ರಾತ್ರಿ ತಿರುಗಿ ಹೊಡೆಯಲಿಲ್ಲ ಎಂದು ತನ್ನನ್ನೇ ಹಳಿದುಕೊಳ್ಳುತ್ತಿರುವ ಹುಡುಗ. ಇನ್ನೊಮ್ಮೆ ಏಟು ತಿಂದು, ಈ ಸಲ ತಾಳಿಕೊಂಡು ನಿಂತರೆ ಮೊದಲಿನ ಸೋಲು ಅಳಿಸಿಹೋಗುತ್ತದೆ ಎಂದು ಅವನು ಲೆಕ್ಕ ಹಾಕಿದ್ದಾನೆ. ಎದ್ದು ಹೋದರೆ ಎರಡನೇ ಸಲ ಹೇಡಿ. ಬಾಗಿಲಿಗೆ ಬೀಗ ಬೇಕಿಲ್ಲ, ಈ ನಾಚಿಕೆಯೇ ಸಾಕು. ಮಗನಿಗೆ ‘ಹುಡುಗಿ ಥರ ಅಳಬೇಡ’ ಎಂದು ಚಿಕ್ಕಂದಿನಲ್ಲಿ ಗದರಿಸುವ ಪ್ರತಿ ಮನೆಯೂ ಆ ಬೀಗಕ್ಕೆ ಒಂದೊಂದು ಕೀಲಿ ಸೇರಿಸುತ್ತಿರುತ್ತದೆ. ಅಮೆರಿಕವಾಗಲಿ, ನಮ್ಮ ಮನೆಯಾಗಲಿ, ಈ ವಿಷಯದಲ್ಲಿ ಭೇದವಿಲ್ಲ.

ಜೇಮ್ಸ್ ಫ್ರಾಂಕೊ ಈ ಸಿನಿಮಾದ ನಿರ್ಮಾಪಕರಲ್ಲಿ ಒಬ್ಬರು. ಮಿಚ್ ಎಂಬ ಹಳೆಯ ಸದಸ್ಯನಾಗಿ ಸ್ವಲ್ಪ ಹೊತ್ತು ಬಂದು ಹೋಗುತ್ತಾರೆ. ಕಾಲೇಜು ಬಿಟ್ಟು ವರ್ಷಗಳಾದ ಮನುಷ್ಯ, ಆದರೂ ಈ ಮನೆಗೆ ಬಂದು ಹುಡುಗರಿಗಿಂತ ಜೋರಾಗಿ ಕುಡಿದು ಕೂಗಾಡುತ್ತಾನೆ. ನೋಡಲು ನಗು ಬರುತ್ತದೆ, ಆಮೇಲೆ ಕನಿಕರ. ಆ ಮನೆ ಕೊಡುವ ‘ಗಂಡಸುತನ’ ಎಷ್ಟು ದೊಡ್ಡದು ಅನ್ನುವುದಕ್ಕೆ ಮಿಚ್‌ಗಿಂತ ಬೇರೆ ಸಾಕ್ಷಿ ಬೇಡ. ಅದು ಆ ಮನೆಯ ಹೊರಗೆ ಚಲಾವಣೆಯಾಗದ ನಾಣ್ಯ. ಖರ್ಚು ಮಾಡಬೇಕಾದರೆ ಮತ್ತೆ ಅಲ್ಲಿಗೇ ಬರಬೇಕು.

ಈ ವಿಷಯದ ಬಗ್ಗೆ ಸಿನಿಮಾಗಳು ಹೊಸದಲ್ಲ. 1978ರ ‘ಅನಿಮಲ್ ಹೌಸ್’ ಇಡೀ ಅಮೆರಿಕವನ್ನು ನಗಿಸಿತ್ತು. ಪ್ಲೆಜ್‌ಗೆ ಹಲಗೆಯಿಂದ ಬಾರಿಸುವುದೂ ಅಲ್ಲಿ ಒಂದು ತಮಾಷೆ. ನಾವೇನು ಕಡಿಮೆ? ಬೆಂಗಳೂರಿನ ಐಐಎಂ ಆವರಣದಲ್ಲಿ ಚಿತ್ರೀಕರಣವಾದ ‘3 ಈಡಿಯಟ್ಸ್’ (2009) ನೆನಪಿಸಿಕೊಳ್ಳಿ. ಹೊಸ ಹುಡುಗರು ಚಡ್ಡಿಯಲ್ಲಿ ಸಾಲಾಗಿ ನಿಂತಿರುತ್ತಾರೆ. ರ‍್ಯಾಂಚೋ ಬಂದು, ಉಪ್ಪುನೀರು, ಚಮಚ, ಕರೆಂಟು ಹಿಡಿದು ಸೀನಿಯರ್‌ಗೆ ಪಾಠ ಕಲಿಸುತ್ತಾನೆ. ಚಿತ್ರಮಂದಿರ ಚಪ್ಪಾಳೆ ಹೊಡೆಯಿತು. ಆ ದೃಶ್ಯದ ಜಾಣತನಕ್ಕೆ ನಗದವರು ಯಾರು? ಆದರೆ ಅದು ನಮ್ಮಲ್ಲಿ ಬಿತ್ತುವ ನಂಬಿಕೆ ನೋಡಿ: ಜಾಣನಾದವನು ಪಾರಾಗುತ್ತಾನೆ, ಪಾರಾಗದವನು ಪೆದ್ದ. ರ‍್ಯಾಂಚೋ ಎಲ್ಲ ಹಾಸ್ಟೆಲಿಗೂ ಬರುವುದಿಲ್ಲ. ಅಲ್ಲಿರುವುದು ವಿಲ್‌ನಂಥವರು.

ವಿಲ್ ಯಾರು ಅಂದರೆ ಬ್ರ್ಯಾಡ್‌ನ ರೂಮ್‌ಮೇಟ್. ತೆಳ್ಳಗಿನ, ಅಂಜುಬುರುಕ ಹುಡುಗ. ಎಲ್ಲರಿಗೂ ಬೇಕಾದವನಾಗಬೇಕು ಅನ್ನುವ ಆಸೆಯೊಂದನ್ನೇ ಹೊತ್ತು ಬಂದವನು. ಅವನೂ ಪ್ಲೆಜ್ ಆಗುತ್ತಾನೆ. ಮುಂದೆ ಅವನು ಸಾಯುತ್ತಾನೆ. ಯಾರೂ ಅವನನ್ನು ಆ ಕ್ಷಣ ಹೊಡೆಯುತ್ತಿರುವುದಿಲ್ಲ, ಎದೆ ನಿಂತುಹೋಗುತ್ತದೆ ಅಷ್ಟೇ. ಅದಕ್ಕೇ ಇದು ಹೆಚ್ಚು ಕಾಡುತ್ತದೆ. ಕೊಂದವನು ಇವನೇ ಎಂದು ಬೆರಳು ತೋರಿಸಲು ಒಬ್ಬನೂ ಸಿಗುವುದಿಲ್ಲ, ಎಲ್ಲರ ಕೈಯೂ ತೊಳೆದಂತೆ ಕಾಣುತ್ತದೆ.

ಸಿನಿಮಾದ ಜೀವ ಇರುವುದು ಇಲ್ಲಿ. ಮನೆಯೊಳಗೆ ನಡೆದದ್ದು ಕಾಲೇಜಿನ ಕಿವಿಗೆ ಬೀಳುತ್ತದೆ. ಆಗ ಆ ಮನೆಯಲ್ಲಿ ‘ನಾವು ಏನು ಮಾಡಿಬಿಟ್ಟೆವು?’ ಅನ್ನುವ ಪ್ರಶ್ನೆ ಏಳುವುದಿಲ್ಲ. ಏಳುವುದು ‘ಯಾರು ಹೇಳಿದ್ದು?’ ಅನ್ನುವ ಪ್ರಶ್ನೆ. ಹೇಳಿದವರು ಯಾರೆಂಬುದನ್ನು ನೋಡದವರಿಗಾಗಿ ಇಲ್ಲಿ ಬಿಟ್ಟಿರುತ್ತೇನೆ. ಆದರೆ ಆ ಪ್ರಶ್ನೆ ಕೇಳುವಾಗಿನ ಮುಖಗಳನ್ನು ನೋಡಿ. ಹೊಡೆಯುವಾಗಲೂ ಅಷ್ಟು ಸಿಟ್ಟು ಆ ಮುಖಗಳಲ್ಲಿ ಇರಲಿಲ್ಲ. ಆ ಬಳಗದ ಧರ್ಮಶಾಸ್ತ್ರದಲ್ಲಿ ಹೊಡೆಯುವುದು ತಪ್ಪಲ್ಲ, ಕುಡಿಸಿ ಕೆಡವುವುದು ತಪ್ಪಲ್ಲ, ಹೇಳುವುದೊಂದೇ ಮಹಾಪಾಪ.

ನಮ್ಮ ಸಿನಿಮಾ ಇದನ್ನು ಮೂವತ್ತೆರಡು ವರ್ಷ ಮೊದಲೇ ಕಂಡಿತ್ತು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಕೇತನ್ ಮೆಹ್ತಾ 1984ರಲ್ಲಿ ‘ಹೋಳಿ’ ಮಾಡಿದರು, ಮಹೇಶ ಎಲಕುಂಚವಾರರ ಮರಾಠಿ ನಾಟಕದಿಂದ. ಆಮೀರ್ ಖಾನ್, ಅಶುತೋಷ್ ಗೋವಾರೀಕರ್ ಅದರಲ್ಲಿ ಇನ್ನೂ ಹುಡುಗರು. ಹಬ್ಬಕ್ಕೆ ರಜೆ ಕೊಡಲಿಲ್ಲ ಎಂದು ಶುರುವಾದ ಗಲಾಟೆ ಸಂಜೆಯ ಹೊತ್ತಿಗೆ ಎಲ್ಲಿಗೆ ಹೋಗಿ ಮುಟ್ಟುತ್ತದೆ? ಹೆಸರು ಹೇಳಿಬಿಟ್ಟ ಒಬ್ಬ ಸಹಪಾಠಿಯನ್ನು ಎಲ್ಲರೂ ಸೇರಿ ಹಿಡಿದು ಅವಮಾನಿಸುವಲ್ಲಿಗೆ. ಅವನು ನೇಣು ಹಾಕಿಕೊಳ್ಳುತ್ತಾನೆ. ಅಲ್ಲಿ ಗ್ರೀಕ್ ಅಕ್ಷರಗಳಿಲ್ಲ, ದೊಡ್ಡ ಮನೆಯಿಲ್ಲ, ಸೋರುವ ಹಾಸ್ಟೆಲು, ಕೆಲಸ ಸಿಗುವ ಭರವಸೆಯಿಲ್ಲದ ಹುಡುಗರು. ಆದರೂ ಸಿಟ್ಟು ಹೋಗಿ ಎರಗಿದ್ದು ಹೇಳಿದವನ ಮೇಲೆಯೇ. ಉಳ್ಳವರ ಮಕ್ಕಳ ಬಳಗವೂ ಇಲ್ಲದವರ ಮಕ್ಕಳ ಗುಂಪೂ ಈ ಒಂದು ನಿಯಮದಲ್ಲಿ ಒಂದೇ.

ಇದು ಬರೀ ಸಿನಿಮಾದ ಮಾತಲ್ಲ. ‘ಗೋಟ್’ ಬಂದ ಮರುವರ್ಷ, 2017ರ ಫೆಬ್ರವರಿ 2ರ ರಾತ್ರಿ, ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಒಂದು ಫ್ರಾಟರ್ನಿಟಿ ಮನೆಯಲ್ಲಿ 19 ವರ್ಷದ ಹೊಸ ಸದಸ್ಯನೊಬ್ಬನಿಗೆ ಕಡಿಮೆ ಹೊತ್ತಿನಲ್ಲಿ ವಿಪರೀತ ಕುಡಿಸಿದರು. ಅವನು ನೆಲಮಾಳಿಗೆಯ ಮೆಟ್ಟಿಲಿಂದ ಬಿದ್ದ. ಆ ರಾತ್ರಿ ನಡೆದದ್ದು ಮನೆಯ ಕ್ಯಾಮೆರಾಗಳಲ್ಲಿ ದಾಖಲಾಗಿತ್ತು. ಆಂಬುಲೆನ್ಸ್‌ಗೆ ಫೋನು ಹೋಗಿದ್ದು ಸುಮಾರು 12 ಗಂಟೆಗಳ ನಂತರ. ಫೆಬ್ರವರಿ 4ರಂದು ಹುಡುಗ ತೀರಿಕೊಂಡ. ಮನೆ ತುಂಬ ಜನ, ಎಲ್ಲರ ಜೇಬಿನಲ್ಲೂ ಫೋನು. ಒಂದು ಕರೆ ಮಾಡಲು ಇಡೀ ರಾತ್ರಿ ಸಾಲಲಿಲ್ಲ. ಕರೆ ಮಾಡಿದರೆ ಅದು ‘ಹೇಳಿದ’ ಹಾಗಾಗುತ್ತದಲ್ಲ!

ಮುಂದಿನ ವರ್ಷ ಆ ರಾಜ್ಯ ಅವನ ಹೆಸರಿನಲ್ಲೇ ಕಾನೂನು ತಂದಿತು. ಶಿಕ್ಷೆ ಹೆಚ್ಚಿಸಿದ್ದಲ್ಲದೆ, ಅಪಾಯದಲ್ಲಿದ್ದವನಿಗಾಗಿ ಸಹಾಯ ಕೇಳಿ ಕರೆ ಮಾಡಿದವನಿಗೆ ರಕ್ಷಣೆಯನ್ನೂ ಕೊಟ್ಟಿತು. ಈ ಎರಡನೆಯದು ನನಗೆ ಮುಖ್ಯ ಅನಿಸುತ್ತದೆ. ಹೇಜಿಂಗ್ ಸಾವುಗಳ ಲೆಕ್ಕ ಇಡುತ್ತಾ ಬಂದ ಪತ್ರಕರ್ತ ಹ್ಯಾಂಕ್ ನ್ಯೂವರ್ ಪ್ರಕಾರ 1959ರಿಂದ 2021ರವರೆಗೆ ಅಮೆರಿಕದಲ್ಲಿ ಇಂಥ ಸಾವೊಂದಾದರೂ ಆಗದ ವರ್ಷವಿಲ್ಲ. ಅಷ್ಟು ಹೆಣಗಳ ನಂತರ ಕಾನೂನಿಗೂ ಅರ್ಥವಾಯಿತು, ಹೊಡೆಯುವ ಕೈ ಕಟ್ಟಿದರೆ ಸಾಲದು, ಹೇಳುವ ಬಾಯನ್ನು ಬಿಡಿಸಬೇಕು ಎಂದು. 2024ರ ಡಿಸೆಂಬರಿನಲ್ಲಿ ಆ ದೇಶ, ಕಾಲೇಜುಗಳು ಹೇಜಿಂಗ್ ಪ್ರಕರಣಗಳನ್ನು ಬಹಿರಂಗಪಡಿಸಲೇಬೇಕು ಅನ್ನುವ ಕಾನೂನನ್ನೂ ಮಾಡಿಕೊಂಡಿತು.

ಸಿನಿಮಾದಲ್ಲಿ ಕೊರತೆಗಳಿಲ್ಲವೆಂದಲ್ಲ. ನರಕದ ವಾರದ ದೃಶ್ಯಗಳು ಒಂದರ ಮೇಲೊಂದು ಬಂದು ಬೀಳುತ್ತವೆ, ಒಂದು ಹಂತದ ಮೇಲೆ ನೋಡುವವನ ಮನಸ್ಸು ಮರಗಟ್ಟುತ್ತದೆ. ಎರಡು ದೃಶ್ಯ ಕಡಿಮೆ ಇದ್ದಿದ್ದರೆ ಉಳಿದವು ಇನ್ನೂ ಆಳಕ್ಕೆ ಇಳಿಯುತ್ತಿದ್ದವು. ಹೆಣ್ಣುಮಕ್ಕಳು ಪಾರ್ಟಿಗಳಲ್ಲಿ ಬಂದು ಹೋಗುತ್ತಾರೆ ಅಷ್ಟೇ, ಅವರು ಈ ಹುಡುಗರನ್ನು ಏನೆಂದು ತಿಳಿದಿದ್ದರು ಅನ್ನುವುದು ತೆರೆಯ ಮೇಲಿಲ್ಲ. ಇನ್ನೂ ದೊಡ್ಡ ಕೊರತೆಯೆಂದರೆ ಕಾಲೇಜು. ಈ ಮನೆಗಳ ಹಿಂದೆ ಹಳೆಯ ಸದಸ್ಯರ ದುಡ್ಡಿದೆ, ಪ್ರಭಾವವಿದೆ. ಆಡಳಿತದವರು ಕಂಡೂ ಕಾಣದಂತೆ ಇರುವುದಕ್ಕೆ ಕಾರಣಗಳಿವೆ. ಹುಡುಗರ ಮುಖಕ್ಕೆ ಅಷ್ಟು ಹತ್ತಿರ ಹೋದ ಕ್ಯಾಮೆರಾ ದೊಡ್ಡವರ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಿತು. ಹಾಗಾಗಿ ಎಲ್ಲ ತಪ್ಪೂ ಇಪ್ಪತ್ತರ ಆಸುಪಾಸಿನ ಹುಡುಗರ ತಲೆಗೇ ಬರುತ್ತದೆ.

ಈ ಕೊರತೆಗಳ ನಡುವೆಯೂ ಸಿನಿಮಾ ಉಳಿಯುವುದು ಆ ಇಬ್ಬರು ಅಣ್ಣತಮ್ಮಂದಿರಿಂದ. ತಾನೇ ಕರೆತಂದ ತಮ್ಮ ಕಣ್ಣೆದುರು ಏಟು ತಿನ್ನುವುದನ್ನು ಬ್ರೆಟ್ ಮೊದಲು ನಗುತ್ತಾ ನೋಡುತ್ತಾನೆ, ಆಮೇಲೆ ನಗು ನಿಲ್ಲುತ್ತದೆ, ಆಮೇಲೆ ಅವನಿಗೆ ಆ ಮನೆಯಲ್ಲಿ ನಿಲ್ಲಲು ಆಗುವುದಿಲ್ಲ. ಹೆತ್ತವರ ಹೊಟ್ಟೆಯಲ್ಲಿ ಹುಟ್ಟಿದ ತಮ್ಮ ಒಬ್ಬ, ಪ್ರಮಾಣ ಮಾಡಿ ಪಡೆದ ‘ಬ್ರದರ್’ಗಳು ಹತ್ತಾರು. ಯಾರ ಪಕ್ಕ ನಿಲ್ಲಬೇಕು? ನಿಕ್ ಜೋನಸ್ ಹೆಚ್ಚು ಮಾತಾಡದೆ ಈ ತಳಮಳವನ್ನು ತೋರಿಸುತ್ತಾರೆ.

ಈಗ ನಿಮ್ಮ ಮನೆಯ ಮಾತು. ನಮ್ಮ ದೇಶದಲ್ಲೂ ಕಾನೂನಿಗೆ ಕೊರತೆಯಿಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ ರಾಘವನ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು, 2009ರಲ್ಲಿ ಯುಜಿಸಿ ನಿಯಮ ಮಾಡಿತು. ಅಡ್ಮಿಷನ್ ಹೊತ್ತಿನಲ್ಲಿ ರ‍್ಯಾಗಿಂಗ್ ಮಾಡುವುದಿಲ್ಲ ಎಂಬ ಮುಚ್ಚಳಿಕೆಗೆ ಮಕ್ಕಳ ಜೊತೆ ಹೆತ್ತವರೂ ಸಹಿ ಹಾಕುತ್ತಾರೆ. ಫೀಸಿನ ರಸೀತಿ, ಹಾಸ್ಟೆಲ್ ಫಾರಂಗಳ ಗಡಿಬಿಡಿಯಲ್ಲಿ ಅದನ್ನು ಓದಿ ಸಹಿ ಮಾಡುವವರು ಎಷ್ಟು ಜನ? ಆ ಕಾಗದ ‘ನಾನು ಮಾಡುವುದಿಲ್ಲ’ ಎಂದು ಬರೆಸಿಕೊಳ್ಳುತ್ತದೆ. ‘ಕಂಡರೆ ಹೇಳುತ್ತೇನೆ’ ಅನ್ನುವ ಧೈರ್ಯವನ್ನು ಯಾವ ಕಾಗದವೂ ಕೊಡಲಾರದು. ಅದನ್ನು ಮನೆಯಲ್ಲೇ ಕೊಟ್ಟು ಕಳಿಸಬೇಕು.

ಹೇಗೆ ಅಂದರೆ, ಚಾಡಿ ಹೇಳುವುದಕ್ಕೂ ಸಾಕ್ಷಿ ಹೇಳುವುದಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳಿಗೆ ಚಿಕ್ಕಂದಿನಲ್ಲೇ ತಿಳಿಸುವುದು. ಇನ್ನೊಬ್ಬನಿಗೆ ಏಟು ಬೀಳಲಿ ಎಂದು ಹೇಳುವುದು ಚಾಡಿ, ಇನ್ನೊಬ್ಬನಿಗೆ ಬೀಳುತ್ತಿರುವ ಏಟು ನಿಲ್ಲಲಿ ಎಂದು ಹೇಳುವುದು ಸಾಕ್ಷಿ. ನಾವು ಎರಡಕ್ಕೂ ಒಂದೇ ಬೈಗುಳ ಇಟ್ಟುಕೊಂಡಿದ್ದೇವೆ. ಹುಡುಗ ಫೋನಿನಲ್ಲಿ ‘ಎಲ್ಲಾ ಚೆನ್ನಾಗಿದೆ’ ಅಂದರೆ ಅಲ್ಲಿಗೇ ಬಿಡಬೇಡಿ. ‘ನಿನ್ನ ರೂಮ್‌ಮೇಟ್ ಹೇಗಿದ್ದಾನೆ?’ ಎಂದು ಕೇಳಿ ನೋಡಿ. ತನ್ನ ಏಟನ್ನು ನಾಚಿಕೆಯಿಂದ ಮುಚ್ಚಿಡುವ ಹುಡುಗ ಎಷ್ಟೋ ಸಲ ಪಕ್ಕದವನ ಏಟಿನ ಬಗ್ಗೆ ಬಾಯಿ ಬಿಡುತ್ತಾನೆ. ಬಿಟ್ಟಾಗ ‘ನಿನಗ್ಯಾಕೆ ಊರ ಉಸಾಬರಿ’ ಅನ್ನದೆ ಪೂರ್ತಿ ಕೇಳಿಸಿಕೊಳ್ಳಿ. ವಿಲ್‌ನಂಥ ಹುಡುಗನೊಬ್ಬ ಉಳಿಯಬೇಕಾದರೆ ಅವನ ಪಕ್ಕದ ಮಂಚದಲ್ಲಿ ಮಲಗುವವನಿಗೆ ಆ ಮಾತು ಆಡಲು ಒಂದು ಮನೆ ಇರಬೇಕು.